ಬೀರುವಿನಲ್ಲಿ ಪುಸ್ತಕ, ರಿಜಿಸ್ಟರಿನಲ್ಲಿ ಗ್ರಂಥಾಲಯ: ಕೊಡಗಿನ ಹೈಸ್ಕೂಲುಗಳಲ್ಲಿ ಓದು ಎಲ್ಲಿ ಸಿಕ್ಕಿಹಾಕಿಕೊಂಡಿದೆ?

ಗ್ರಂಥಾಲಯಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ. ಒಂದು ದಿನ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಪಂಚಾಯಿತಿ ಗ್ರಂಥಾಲಯದ ಈಗಿನ ಹೆಸರು) ಮಕ್ಕಳು ಸಾಲಾಗಿ ಕೂತು ಓದುತ್ತಿರುವ ಫೋಟೋ. ಇನ್ನೊಂದು ದಿನ ಶಾಲೆಯ ಗ್ರಂಥಾಲಯಕ್ಕೆ ಬೀಗ ಬಿದ್ದಿದೆ ಎಂಬ ದೂರು. ಮತ್ತೊಂದು ದಿನ ದೇಶದ ಶೇ 85ಕ್ಕಿಂತ ಜಾಸ್ತಿ ಶಾಲೆಗಳಲ್ಲಿ ಗ್ರಂಥಾಲಯ ಇದೆ ಅನ್ನುವ ಸರ್ಕಾರಿ ಅಂಕಿ. ಇದರಲ್ಲಿ ಯಾವುದು ನಿಜ?

ಮೂರೂ ನಿಜ. ಹೇಗೆ ಅನ್ನುವುದನ್ನು ಬಿಡಿಸಿ ನೋಡಬೇಕು. ಅದರಲ್ಲೂ ಕೊಡಗಿನ ಸರ್ಕಾರಿ ಮತ್ತು ಅನುದಾನಿತ ಹೈಸ್ಕೂಲುಗಳನ್ನು ಇಟ್ಟುಕೊಂಡು ನೋಡಿದರೆ ವಿಷಯ ಬೇಗ ಅರ್ಥವಾಗುತ್ತದೆ. ಇಲ್ಲಿ ಪುಸ್ತಕದ ಕೊರತೆಗಿಂತ ದೊಡ್ಡದು ಬೇರೊಂದು ಕೊರತೆ: ಆ ಪುಸ್ತಕವನ್ನು ಮಗುವಿನ ಕೈಗೆ ಕೊಟ್ಟು, ವಾಪಸ್ ತೆಗೆದುಕೊಳ್ಳಲು ಯಾರಿಗೂ ಸಮಯವಿಲ್ಲ, ಧೈರ್ಯವೂ ಇಲ್ಲ.

‘ಇದೆ’ ಅಂದರೆ ಏನು?

ಶಾಲೆಗಳು ಪ್ರತಿ ವರ್ಷ ಯುಡೈಸ್ ಎಂಬ ಕೇಂದ್ರದ ವ್ಯವಸ್ಥೆಗೆ ತಮ್ಮ ಮಾಹಿತಿ ತುಂಬಬೇಕು. ಶೌಚಾಲಯ ಎಷ್ಟು, ಕಂಪ್ಯೂಟರ್ ಎಷ್ಟು, ಕುಡಿಯುವ ನೀರು ಇದೆಯೇ, ಹೀಗೆ. ಗ್ರಂಥಾಲಯದ ಪ್ರಶ್ನೆಯೂ ಅದರಲ್ಲಿದೆ. ಆದರೆ ವರದಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಅಂಕಿಯಲ್ಲಿ ಗ್ರಂಥಾಲಯದ ಕೋಣೆ, ಪುಸ್ತಕ ಬ್ಯಾಂಕ್, ಓದುವ ಮೂಲೆ ಎಲ್ಲವೂ ಒಂದೇ ಬುಟ್ಟಿಗೆ ಬೀಳುತ್ತವೆ. ತರಗತಿಯ ಗೋಡೆಗೆ ದಾರ ಕಟ್ಟಿ ಹತ್ತು ಕಥೆ ಪುಸ್ತಕ ನೇತು ಹಾಕಿದರೂ ‘ಇದೆ’. ಎರಡು ಸಾವಿರ ಪುಸ್ತಕದ ಕೋಣೆಯಿದ್ದರೂ ‘ಇದೆ’.

ಅದೇ ನಮೂನೆಯಲ್ಲಿ ಇನ್ನೂ ಎರಡು ಪ್ರಶ್ನೆಗಳಿವೆ. ಪೂರ್ಣಾವಧಿ ಗ್ರಂಥಪಾಲಕರು ಇದ್ದಾರೆಯೇ? ಪತ್ರಿಕೆ, ನಿಯತಕಾಲಿಕ ತರಿಸುತ್ತೀರಾ? ನಿಜವಾದ ಸ್ಥಿತಿ ಗೊತ್ತಾಗುವುದು ಈ ಎರಡರ ಉತ್ತರದಲ್ಲಿ. ಸುದ್ದಿಯಾಗುವುದು ಮಾತ್ರ ‘ಗ್ರಂಥಾಲಯ ಇದೆಯೇ’ ಅನ್ನುವ ಮೊದಲ ಪ್ರಶ್ನೆಯ ಉತ್ತರ. ಇನ್ನು, ಆ ಪುಸ್ತಕಗಳಲ್ಲಿ ವರ್ಷಕ್ಕೆ ಎಷ್ಟು ಮಕ್ಕಳ ಮನೆಗೆ ಹೋಗಿ ಬಂದವು ಅನ್ನುವುದು ಚರ್ಚೆಗೇ ಬರುವುದಿಲ್ಲ. ಲೆಕ್ಕಕ್ಕೆ ಸಿಗದ ಕೆಲಸವನ್ನು ಯಾವ ಇಲಾಖೆಯೂ ತಲೆಗೆ ಹಚ್ಚಿಕೊಳ್ಳುವುದಿಲ್ಲ, ಅಲ್ವಾ?

ಎಂಟನೇ ಕ್ಲಾಸಿಗೆ ನಿಲ್ಲುವ ಕಾನೂನು

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿದೆ: ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅಲ್ಲಿ ಪತ್ರಿಕೆ, ನಿಯತಕಾಲಿಕ, ಕಥೆ ಪುಸ್ತಕ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕ ಸಿಗಬೇಕು. ಆದರೆ ಈ ಕಾಯ್ದೆಯ ವ್ಯಾಪ್ತಿ 6ರಿಂದ 14 ವರ್ಷದ ಮಕ್ಕಳು, ಅಂದರೆ ಒಂದರಿಂದ ಎಂಟನೇ ತರಗತಿ. ಕರ್ನಾಟಕದಲ್ಲಿ ಹೈಸ್ಕೂಲು ಎಂದರೆ ಎಂಟು, ಒಂಬತ್ತು, ಹತ್ತು. ಹಾಗಾಗಿ ಒಂದೇ ಕಟ್ಟಡದಲ್ಲಿ, ಒಂದೇ ಗಂಟೆಯ ಸದ್ದಿಗೆ ಏಳುವ ಮಕ್ಕಳಲ್ಲಿ ಎಂಟನೆಯವರಿಗೆ ಗ್ರಂಥಾಲಯ ಕಾನೂನಿನ ಹಕ್ಕು. ಒಂಬತ್ತು, ಹತ್ತನೆಯವರಿಗೆ ಅದು ಯೋಜನೆಯ ಕೊಡುಗೆ ಮಾತ್ರ.

ಆ ಯೋಜನೆ ಸಮಗ್ರ ಶಿಕ್ಷಣ. 2018ರಲ್ಲಿ ಶುರುವಾದ ಇದರಲ್ಲಿ ಸರ್ಕಾರಿ ಶಾಲೆಗಳಿಗೆ ತರಗತಿಗಳ ಮಟ್ಟ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶ ಮಾಡಲಾಗಿತ್ತು. ಹಣ ತೀರಾ ಕಮ್ಮಿಯೇನಲ್ಲ. ನೂರು ರೂಪಾಯಿಯ ಪುಸ್ತಕ ಎಂದು ಹಿಡಿದರೂ ಹತ್ತು ಸಾವಿರಕ್ಕೆ ನೂರು ಪುಸ್ತಕ. ಐದು ವರ್ಷ ತಪ್ಪದೆ ಬಂದರೆ ಒಂದು ಸಣ್ಣ ಹೈಸ್ಕೂಲಿಗೆ ಚೆಂದದ ಸಂಗ್ರಹವಾಗುತ್ತದೆ.

ತೊಂದರೆ ಎರಡು ಕಡೆ. ಇಂಥ ಅನುದಾನಗಳು ಆರ್ಥಿಕ ವರ್ಷದ ಕೊನೆಗೆ ಬಂದರೆ ಮಾರ್ಚ್ 31ರೊಳಗೆ ಖರ್ಚು ಮಾಡಿ ಬಿಲ್ಲು ಕೊಡಬೇಕು. ಆಗ ಹತ್ತನೆಯವರ ಪರೀಕ್ಷೆಯ ಗಡಿಬಿಡಿ. ಪುಸ್ತಕ ಆರಿಸಲು ಯಾರಿಗೆ ಪುರುಸೊತ್ತು? ಕೊಟ್ಟ ಪಟ್ಟಿಯಿಂದ, ಸಿಕ್ಕಿದ್ದನ್ನು ತಂದು ಬೀರು ತುಂಬಿಸುವುದು. ಎರಡನೆಯದು, ಈ ಹಣ ಪುಸ್ತಕಕ್ಕೆ. ಪುಸ್ತಕ ನೋಡಿಕೊಳ್ಳುವ ಮನುಷ್ಯನಿಗೆ ಇದರಲ್ಲಿ ಪೈಸೆಯೂ ಇಲ್ಲ.

ಪಂಚಾಯಿತಿಯ ತೆರಿಗೆ ರಶೀದಿ ನೋಡಿದವರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಆಸ್ತಿ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಕರ ಅಂತ ವಸೂಲಿ ಮಾಡ್ತಾರಲ್ಲ, ಅದು ಎಲ್ಲಿ ಹೋಯಿತು? ಆ ಕರದ ಮೂಲ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ. ಹೆಸರೇ ಹೇಳುವಂತೆ ಅದು ಸಾರ್ವಜನಿಕ ಗ್ರಂಥಾಲಯಗಳಿಗೆ. ಶಾಲೆಯ ಬೀರುವಿಗೆ ಅದರಿಂದ ಏನೂ ಬರುವುದಿಲ್ಲ.

ಕೀಲಿ ಕೈಯಲ್ಲಿರುವವರ ಕಷ್ಟ

1952–53ರ ಮುದಲಿಯಾರ್ ಆಯೋಗ ಪ್ರೌಢ ಶಿಕ್ಷಣದ ಬಗ್ಗೆ ಕೊಟ್ಟ ವರದಿಯಲ್ಲೇ, ಗ್ರಂಥಾಲಯ ಶಾಲೆಯ ಬೌದ್ಧಿಕ ಜೀವನದ ಕೇಂದ್ರ ಆಗಬೇಕು, ಅದಕ್ಕೆ ತರಬೇತಿ ಪಡೆದ ಗ್ರಂಥಪಾಲಕರು ಬೇಕು ಎಂದಿತ್ತು. ಎಪ್ಪತ್ತು ವರ್ಷ ಕಳೆಯಿತು. ರಾಜ್ಯದ ಸರ್ಕಾರಿ ಹೈಸ್ಕೂಲಿನಲ್ಲಿ ಸಾಮಾನ್ಯವಾಗಿ ಇಂದಿಗೂ ನಡೆಯುವುದು ಇಷ್ಟು: ಯಾರಾದರೂ ಒಬ್ಬ ಶಿಕ್ಷಕರಿಗೆ, ಹೆಚ್ಚಾಗಿ ಕನ್ನಡ ಮೇಷ್ಟ್ರಿಗೋ ದೈಹಿಕ ಶಿಕ್ಷಕರಿಗೋ, ಗ್ರಂಥಾಲಯದ ‘ಚಾರ್ಜ್’ ಕೊಡುವುದು.

ಚಾರ್ಜ್ ಎಂದರೆ ಕೀಲಿ ಒಂದೇ ಅಲ್ಲ, ಸ್ಟಾಕ್ ರಿಜಿಸ್ಟರ್ ಕೂಡ. ಅದರಲ್ಲಿ ಪ್ರತಿ ಪುಸ್ತಕಕ್ಕೂ ಒಂದು ಕ್ರಮಸಂಖ್ಯೆ, ಹೆಸರು, ಬೆಲೆ, ಬಂದ ತಾರೀಕು. ಆ ಶಿಕ್ಷಕರಿಗೆ ವರ್ಗವಾದ ದಿನ ಈ ಪಟ್ಟಿಯನ್ನೂ ಬೀರುವನ್ನೂ ಎದುರೆದುರು ಇಟ್ಟು ತಾಳೆ ನೋಡುತ್ತಾರೆ. ಕಮ್ಮಿ ಬಂದರೆ ಜವಾಬು ಹೇಳಬೇಕಾದವರು ಅವರೇ. ಕೆಲವೊಮ್ಮೆ ಕೈಯಿಂದ ಹಣ ಕಟ್ಟಿ ಬಿಡುಗಡೆ ಪತ್ರ ಪಡೆಯಬೇಕಾಗುತ್ತದೆ. ಇದಾದ ಮೇಲೆ ಯಾವ ಶಿಕ್ಷಕ ತಾನೇ ಕಾಫಿ ತೋಟದ ಲೈನ್ ಮನೆಯ (ಕಾರ್ಮಿಕರ ಸಾಲುಮನೆ) ಮಗುವಿಗೆ, ನಾಳೆ ಅಪ್ಪ ಅಮ್ಮನ ಜೊತೆ ಬೇರೆ ತೋಟಕ್ಕೆ ಹೊರಟುಹೋಗಬಹುದಾದ ಮಗುವಿಗೆ, ಪುಸ್ತಕ ಮನೆಗೆ ಕೊಟ್ಟು ಕಳಿಸುತ್ತಾರೆ? ಬೀಗ ಹಾಕಿಟ್ಟರೆ ಯಾರೂ ಏನೂ ಕೇಳುವುದಿಲ್ಲ. ಕೊಟ್ಟು ಕಳೆದರೆ ಕೇಳುತ್ತಾರೆ. ಹಾಗಾಗಿ ಬೀಗ ಬೀಳುವುದು ಸೋಮಾರಿತನದಿಂದಲ್ಲ, ಲೆಕ್ಕಾಚಾರದಿಂದ.

ಈ ಭಯಕ್ಕೆ ಮದ್ದು ಇದೆಯೇ? ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೇ ನಿಯಮ ಗ್ರಂಥಾಲಯದ್ದು. ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದುಹೋದರೆ ಅದು ಸಹಜ ನಷ್ಟ ಎಂದು ಅದು ಒಪ್ಪುತ್ತದೆ. ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇರಬಾರದು ಅಷ್ಟೇ. ಸಾವಿರ ರೂಪಾಯಿ ದಾಟಿದ ಅಥವಾ ಅಪರೂಪದ ಪುಸ್ತಕ ಹೋದರೆ ಮಾತ್ರ ವಿಚಾರಣೆ ಕಡ್ಡಾಯ.

ಇದನ್ನು ಒಂದು ಶಾಲೆಗೆ ಹಾಕಿ ನೋಡೋಣ. 120 ಮಕ್ಕಳಿದ್ದಾರೆ, ತಲಾ ಹದಿನೈದು ದಿನಕ್ಕೊಂದು ಪುಸ್ತಕ ಒಯ್ಯುತ್ತಾರೆ, ವರ್ಷದಲ್ಲಿ ಅಂಥ ಹದಿನೆಂಟು ಸರದಿ ಸಿಗುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು 2,160 ಸಲ ಪುಸ್ತಕ ಹೊರಗೆ ಹೋಗುತ್ತದೆ. ಕೇಂದ್ರದ ಲೆಕ್ಕದಲ್ಲಿ ಹತ್ತು ಪುಸ್ತಕ ಕಳೆದರೆ ತೊಂದರೆಯಿಲ್ಲ. ಬೆಲೆ ಸುಮಾರು ಸಾವಿರ ರೂಪಾಯಿ. ಇಡೀ ಶಾಲೆ ಒಂದು ವರ್ಷ ಓದಿದ್ದಕ್ಕೆ ಈ ಖರ್ಚು ಜಾಸ್ತಿಯಾ?

ಆದರೆ ಈ ನಿಯಮ ರಾಜ್ಯದ ಶಾಲೆಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ. ರಾಜ್ಯಕ್ಕೆ ತನ್ನದೇ ಆರ್ಥಿಕ ಸಂಹಿತೆ ಇದೆ. ಅದರಡಿ ಇಂಥದ್ದೇ ಒಂದು ಮಿತಿಯನ್ನು ಹೈಸ್ಕೂಲುಗಳಿಗೆ ಸ್ಪಷ್ಟವಾಗಿ ಬರೆದು, ಮುಖ್ಯ ಶಿಕ್ಷಕರ ಸಹಿಯಲ್ಲೇ ಪಟ್ಟಿಯಿಂದ ಹೊಡೆದುಹಾಕಬಹುದು ಎಂದು ತಿಳಿಸಿದರೆ ಅರ್ಧ ಬೀಗಗಳು ತಾವಾಗಿಯೇ ತೆರೆಯುತ್ತವೆ. ಹೊಸ ಕಟ್ಟಡ, ಹೊಸ ಪುಸ್ತಕ, ಹೊಸ ಆ್ಯಪ್‌ಗಿಂತ ಇದು ಮೊದಲು ಆಗಬೇಕಾದ ಕೆಲಸ ಅನ್ನಿಸುತ್ತದೆ.

ಜೂನ್ ಬಂತೆಂದರೆ ಬೂಷ್ಟು

ಬಯಲುಸೀಮೆಯಲ್ಲಿ ಬೀಗ ಹಾಕಿದ ಪುಸ್ತಕಕ್ಕೆ ಧೂಳು ಹಿಡಿಯುತ್ತದೆ. ಕೊಡಗಿನಲ್ಲಿ ಪುಸ್ತಕವೇ ಹಾಳಾಗುತ್ತದೆ. ಮಡಿಕೇರಿಯಲ್ಲಿ ವರ್ಷದ ಮಳೆ ಮೂರು ಸಾವಿರ ಮಿಲಿಮೀಟರ್ ದಾಟುವುದು ಮಾಮೂಲು. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಗಾಳಿಯ ತೇವಾಂಶ ಶೇ 65–70ನ್ನು ದಾಟಿ ದಿನಗಟ್ಟಲೆ ಹಾಗೇ ನಿಂತರೆ ಕಾಗದದ ಮೇಲೆ ಬೂಷ್ಟು ಬೆಳೆಯಲು ಶುರು. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಅದಕ್ಕಿಂತ ಕೆಳಗೆ ಇಳಿಯುವ ದಿನಗಳೇ ಅಪರೂಪ.

ಉಕ್ಕಿನ ಬೀರುವನ್ನು ಗೋಡೆಗೆ ಒತ್ತಿ ಇಟ್ಟಿದ್ದರೆ ಗೋಡೆಯ ತಂಪಿಗೆ ಒಳಗಿನ ತಗಡು ಬೆವರುತ್ತದೆ. ಆ ನೀರು ಹಿಂದಿನ ಸಾಲಿನ ಪುಸ್ತಕದ ಬೆನ್ನಿಗೆ ಇಳಿಯುತ್ತದೆ. ಮೊದಲು ಹೋಗುವುದು ದುಬಾರಿ ಪುಸ್ತಕಗಳೇ. ಬಣ್ಣದ ಚಿತ್ರಗಳ ವಿಶ್ವಕೋಶ, ಅಟ್ಲಾಸ್ ಅಚ್ಚಾಗುವ ನುಣುಪು ಕಾಗದಕ್ಕೆ ಬಿಳಿ ಮಣ್ಣಿನಂಥ ಲೇಪ ಇರುತ್ತದೆ. ಒದ್ದೆಯಾದರೆ ಆ ಲೇಪ ಅಂಟಾಗಿ, ಒಣಗುವಾಗ ಹಾಳೆಗಳು ಒಂದಕ್ಕೊಂದು ಹಿಡಿದು, ಇಡೀ ಪುಸ್ತಕ ಇಟ್ಟಿಗೆಯಂತಾಗುತ್ತದೆ. ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಮೂಲೆಯಲ್ಲಿ ಹಾಕುವ ನುಸಿ ಗುಳಿಗೆ ಹುಳಕ್ಕೆ ಸರಿ, ಬೂಷ್ಟಿಗೆ ಅದರಿಂದ ಏನೂ ಆಗುವುದಿಲ್ಲ. ಹಿಂದೆಲ್ಲ ಮಲೆನಾಡಿನ ಮನೆಗಳಲ್ಲಿ ಬೀರುವಿನೊಳಗೆ ಸಣ್ಣ ಬಲ್ಬು ಉರಿಸುತ್ತಿದ್ದರು. ಈಗಿನ ಎಲ್‌ಇಡಿಯಲ್ಲಿ ಆ ಬಿಸಿಯೂ ಇಲ್ಲ.

ಉಪಾಯ ದುಬಾರಿಯದ್ದಲ್ಲ. ಬೀರುವನ್ನು ಗೋಡೆಯಿಂದ ಅರ್ಧ ಅಡಿ ಮುಂದಕ್ಕೆ, ನೆಲದಿಂದ ಒಂದು ಗೇಣು ಮೇಲಕ್ಕೆ ಇಡುವುದು. ಪುಸ್ತಕಗಳನ್ನು ಗಿಡಿಯದೆ ಸಡಿಲವಾಗಿ ಜೋಡಿಸುವುದು. ಮಳೆ ಬಿಟ್ಟ ದಿನ ಬಾಗಿಲು ತೆಗೆಯುವುದು. ಎಲ್ಲಕ್ಕಿಂತ ಮುಖ್ಯ, ಪುಸ್ತಕಗಳನ್ನು ಓಡಾಡಿಸುವುದು. ವಾರಕ್ಕೊಮ್ಮೆ ಯಾರೋ ತೆರೆದು ಹಾಳೆ ತಿರುಗಿಸಿದ ಪುಸ್ತಕಕ್ಕೆ ಬೂಷ್ಟು ನೆಲೆಯೂರುವುದು ಕಷ್ಟ. ಕಳೆದುಹೋಗಬಾರದು ಅಂತ ಮುಚ್ಚಿಟ್ಟದ್ದು ಕೊಳೆತು ಹೋಗುತ್ತದೆ. ಆ ನಷ್ಟಕ್ಕೆ ಮಾತ್ರ ಯಾರ ಸಂಬಳದಿಂದಲೂ ಹಣ ಕಡಿಯುವುದಿಲ್ಲ, ಪ್ರಕೃತಿ ವಿಕೋಪದ ಲೆಕ್ಕಕ್ಕೆ ಸೇರುತ್ತದೆ!

ಮಳೆ ಇನ್ನೊಂದು ರೀತಿಯಲ್ಲೂ ಹೊಡೆಯುತ್ತದೆ. ಜೋರು ಮಳೆಗೆ ಜಿಲ್ಲಾಧಿಕಾರಿ ರಜೆ ಘೋಷಿಸುತ್ತಾರೆ. ಘೋಷಿಸಲೇಬೇಕು, 2018ರ ಭೂಕುಸಿತ ಕಂಡ ಜಿಲ್ಲೆ ಇದು. ಆದರೆ ಹೋದ ದಿನಗಳ ಪಾಠ ಮುಗಿಸಬೇಕಲ್ಲ? ಆಗ ಮೊದಲು ಕತ್ತರಿ ಬೀಳುವುದು ಲೈಬ್ರರಿ ಪೀರಿಯಡ್‌ಗೆ, ಆಮೇಲೆ ಆಟಕ್ಕೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆ ಎಷ್ಟನೇ ಸ್ಥಾನ ಅನ್ನುವುದು ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಎಷ್ಟು ಮಕ್ಕಳು ಪಠ್ಯ ಬಿಟ್ಟು ಒಂದು ಪುಸ್ತಕ ಓದಿದರು ಅನ್ನುವುದು ಯಾವ ಪುಟಕ್ಕೂ ಬರುವುದಿಲ್ಲ.

ಯಾರ ವಾದ ಏನು?

ಗ್ರಂಥಾಲಯ ವಿಜ್ಞಾನ ಓದಿ ಕೆಲಸಕ್ಕೆ ಕಾಯುತ್ತಿರುವವರ ವಾದ ನೇರ: ಪ್ರತಿ ಹೈಸ್ಕೂಲಿಗೆ ಒಂದು ಹುದ್ದೆ ಕೊಡಿ. ಅವರ ಕಡೆ ಒಳ್ಳೆಯ ಉದಾಹರಣೆಯೂ ಇದೆ. ಗಾಳಿಬೀಡಿನ ಜವಾಹರ ನವೋದಯ ವಿದ್ಯಾಲಯ ಇದೇ ಜಿಲ್ಲೆಯಲ್ಲಿ, ಇದೇ ಮಳೆಯಲ್ಲಿ ಇದೆ. ನವೋದಯಗಳಲ್ಲಿ ಗ್ರಂಥಪಾಲಕರ ಹುದ್ದೆ ಮಂಜೂರಾಗಿಯೇ ಇರುತ್ತದೆ, ಮಕ್ಕಳು ಅಲ್ಲೇ ಉಳಿಯುತ್ತಾರೆ. ಸಿಬಿಎಸ್ಇ ಮಾನ್ಯತೆ ಬೇಕೆಂದರೆ ವಿದ್ಯಾರ್ಥಿಗೆ ಐದರಂತೆ, ಕಡಿಮೆಯೆಂದರೂ 1,500 ಪುಸ್ತಕ ಇರಬೇಕು ಎಂಬ ಷರತ್ತು ಇದೆ. ರಾಜ್ಯ ಪಠ್ಯಕ್ರಮದ ಮಗುವಿಗೆ ಮಾತ್ರ ಯಾಕೆ ಬೀರು?

ಹಣಕಾಸಿನ ಕಡೆಯವರು ತಲೆ ಅಲ್ಲಾಡಿಸುತ್ತಾರೆ. ಅವರ ಮಾತಲ್ಲೂ ಹುರುಳಿದೆ. ಕೊಡಗಿನಲ್ಲಿ ಊರುಗಳು ಚದುರಿವೆ, ಮನೆಗಳು ತೋಟದ ಮಧ್ಯೆ. ಹಾಗಾಗಿ ಸರ್ಕಾರಿ ಹೈಸ್ಕೂಲುಗಳು ಚಿಕ್ಕವು, ಮಕ್ಕಳ ಸಂಖ್ಯೆ ಕಮ್ಮಿ. ವಿಷಯ ಶಿಕ್ಷಕರ ಹುದ್ದೆಗಳೇ ಖಾಲಿ ಇರುವಾಗ ನೂರು ಮಕ್ಕಳ ಶಾಲೆಗೊಬ್ಬ ಗ್ರಂಥಪಾಲಕರು ಎಂದರೆ ಕಡತ ಮುಂದಕ್ಕೆ ಹೋಗುವುದಿಲ್ಲ. ನಾಲ್ಕೈದು ಶಾಲೆಗೆ ಒಬ್ಬರು, ದಿನಕ್ಕೊಂದು ಶಾಲೆ ಎಂದರೆ ಅದು ನಡೆಯಬಹುದಾದ ಮಾತು.

ಮೂರನೆಯ ಗುಂಪು ಮೊಬೈಲ್ ತೋರಿಸುತ್ತದೆ. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಿಂದ ಇದೆ. ಕೇಂದ್ರದ 2023–24ರ ಬಜೆಟ್‌ನಲ್ಲಿ ಮಕ್ಕಳಿಗೆ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಘೋಷಣೆಯಾಗಿ, 2024ರಲ್ಲಿ ರಾಷ್ಟ್ರೀಯ ಇ-ಪುಸ್ತಕಾಲಯ ಎಂದು ಬಂತು. ಬೂಷ್ಟು ಹಿಡಿಯದ ಪುಸ್ತಕ, ಕಳೆಯುವ ಭಯವೂ ಇಲ್ಲ. ಸರಿ. ಆದರೆ ಗಾಳಿ ಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ, ಟವರ್ ಸತ್ತಿದೆ ಅನ್ನುವುದು ಇಲ್ಲಿ ಮಳೆಗಾಲದ ಮಾಮೂಲಿ ಕಥೆ. ಮಕ್ಕಳಿಗೆ ಓದಲು ಬಿಡುವು ಜಾಸ್ತಿ ಸಿಗುವುದೂ ಆ ಮಳೆ ರಜೆಯಲ್ಲೇ. ಮನೆಯ ಒಂದೇ ಫೋನು ಅಪ್ಪನ ಜೇಬಿನಲ್ಲಿ ಇರುತ್ತದೆ. ಡಿಜಿಟಲ್ ಪುಸ್ತಕ ಶಿಕ್ಷಕರಿಗೆ, ಹೊಸ ಶೀರ್ಷಿಕೆ ಹುಡುಕಲು ತುಂಬ ಉಪಯೋಗಿ. ಅದನ್ನೇ ಗ್ರಂಥಾಲಯ ಅನ್ನಲು ಆಗುವುದಿಲ್ಲ.

ಪೋಷಕರದ್ದು ಬೇರೆಯೇ ಮಾತು: ಕಥೆ ಪುಸ್ತಕ ಓದಿದರೆ ಮಾರ್ಕ್ಸ್ ಬರುತ್ತಾ? ನೇರ ಉತ್ತರ ಕೊಡಬೇಕೆಂದರೆ, ಎಸ್ಸೆಸ್ಸೆಲ್ಸಿಯಲ್ಲಿ ಸಮಾಜ ವಿಜ್ಞಾನದ ಉದ್ದ ಉತ್ತರ ಬರೆಯಲಾಗದೆ, ಗಣಿತದ ಹೇಳಿಕೆ ಲೆಕ್ಕ ಅರ್ಥವಾಗದೆ ಒದ್ದಾಡುವ ಮಗುವಿನ ಕಷ್ಟ ಎಷ್ಟೋ ಸಲ ಆ ವಿಷಯದ್ದಲ್ಲ, ಓದಿನದ್ದು. ಕೊಡಗಿನಲ್ಲಿ ಇದು ಇನ್ನೂ ಗಟ್ಟಿ. ಒಂದೇ ತರಗತಿಯಲ್ಲಿ ಮನೆಯ ಮಾತು ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಯರವ, ತಮಿಳು ಆಗಿರುವ ಮಕ್ಕಳು ಕೂತಿರುತ್ತಾರೆ. ಇವರಲ್ಲಿ ಅನೇಕರಿಗೆ ಬರಹದ ಕನ್ನಡ ಸಿಗುವುದು ಶಾಲೆಯಲ್ಲಿ ಮಾತ್ರ. ಪಠ್ಯಪುಸ್ತಕ ಒಂದರಿಂದಲೇ ಆ ಭಾಷೆ ಪಳಗುವುದಿಲ್ಲ.

ಒಂದು ಪೀರಿಯಡ್‌ನಲ್ಲಿ ಏನಾಗುತ್ತದೆ

ಸಮಯದ ಲೆಕ್ಕವನ್ನೂ ಸ್ವಲ್ಪ ನೋಡಬೇಕು. ಪೀರಿಯಡ್ 40 ನಿಮಿಷ, ಕ್ಲಾಸಿನಲ್ಲಿ 40 ಮಕ್ಕಳು. ಒಬ್ಬರ ಪುಸ್ತಕ ವಾಪಸ್ ಪಡೆದು ಇನ್ನೊಂದು ಬರೆದುಕೊಡಲು ಒಂದು ನಿಮಿಷ. ಅಲ್ಲಿಗೆ ಪೀರಿಯಡ್ ಮುಗಿಯಿತು. ಓದುವುದು ಯಾವಾಗ? ಹಾಗಾಗಿ ಕೊಡು-ತಗೊ ಕೆಲಸ ಮಕ್ಕಳ ಕೈಗೇ ಹೋಗಬೇಕು. ಒಂಬತ್ತನೆಯ ನಾಲ್ವರು ಊಟದ ಬಿಡುವಿನಲ್ಲಿ ಇಶ್ಯೂ ರಿಜಿಸ್ಟರ್ ನೋಡಿಕೊಂಡರೆ ಪೀರಿಯಡ್ ಪೂರ್ತಿ ಓದಿಗೆ ಉಳಿಯುತ್ತದೆ. ಸಂಜೆ ಹೊತ್ತು ಇದಕ್ಕೆ ಆಗುವುದಿಲ್ಲ, ಯಾಕೆಂದರೆ ತೋಟದ ಕಡೆ ಹೋಗುವ ಬಸ್ಸು ಒಂದೇ. ಶಾಲೆಯ ಗ್ರಂಥಾಲಯವನ್ನು ಶಾಲೆ ಬಿಟ್ಟ ಮೇಲೆ ಊರಿಗೆ ತೆರೆಯಬಹುದು ಅನ್ನುವ ಆಲೋಚನೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿದೆ. ಸುಮ್ನೆ ಓದಲು ಚೆಂದ. ಆ ಬಸ್ಸಿನ ಸಮಯ ಬದಲಾಗದೆ ಇಲ್ಲಿ ನಡೆಯದು.

ಓದಿದ್ದರ ಬಗ್ಗೆ ಸಾರಾಂಶ ಬರೆಯಿಸುವ ಶಿಕ್ಷೆಗಿಂತ ಒಳ್ಳೆಯ ಚಟುವಟಿಕೆಗಳು ಬೇಕಾದಷ್ಟಿವೆ. ಒಬ್ಬರು ಎದ್ದು ನಿಂತು ತಾನು ಓದಿದ ಪುಸ್ತಕದ ಒಂದು ಪುಟ ಜೋರಾಗಿ ಓದುವುದು, ಮುಂದೇನಾಯಿತು ಅಂತ ಹೇಳದೆ ನಿಲ್ಲಿಸುವುದು. ಒಂದೇ ಸುದ್ದಿಯನ್ನು ಎರಡು ಪತ್ರಿಕೆ ಹೇಗೆ ಬರೆದಿವೆ ಎಂದು ಹೋಲಿಸುವುದು. ಗೋಡೆ ಪತ್ರಿಕೆ.

ಕೊಡಗಿಗೆ ಹೇಳಿ ಮಾಡಿಸಿದಂತಹದ್ದೂ ಒಂದಿದೆ. ಇಲ್ಲಿನ ಕಾಫಿ ಬೆಳೆಗಾರರು ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುತ್ತಾರೆ. ಕೆಲವು ಮನೆಗಳಲ್ಲಿ ಅಜ್ಜನ ಕಾಲದಿಂದ ಬಂದ ಪುಸ್ತಕಗಳಿವೆ. ಕಾಫಿ ಹೂ ಅರಳಿಸುವ ಹೂಮಳೆ ಯಾವ ದಿನ ಬಂತು, ಎಷ್ಟು ಬಂತು, ಎಲ್ಲ ಅದರಲ್ಲಿದೆ. ಮಕ್ಕಳು ಅದನ್ನು ನಕಲು ಮಾಡಿ ತಂದು ಗ್ರಂಥಾಲಯದಲ್ಲಿ ಜೋಡಿಸಿದರೆ ಭೂಗೋಳ, ಗಣಿತ, ಊರಿನ ಚರಿತ್ರೆ ಮೂರೂ ಒಂದೇ ಕಡತದಲ್ಲಿ ಸಿಗುತ್ತವೆ. ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿ 1994ರಿಂದ, ಅರೆಭಾಷೆ ಅಕಾಡೆಮಿ 2011ರಿಂದ ಇವೆ. ಅವರ ಪ್ರಕಟಣೆಗಳು ಕನ್ನಡ ಲಿಪಿಯಲ್ಲೇ ಇರುವುದರಿಂದ ಮನೆಮಾತಿನಲ್ಲಿ ಓದುವ ಖುಷಿ ಮಕ್ಕಳಿಗೆ ಸಿಗುತ್ತದೆ. ಮಾರ್ಚ್ ಗಡಿಬಿಡಿಯ ಪಟ್ಟಿಯಲ್ಲಿ ಇಂಥವು ಇರುವುದು ಅಪರೂಪ.

ಪಕ್ಕದಲ್ಲೇ ಇರುವ ಅರಿವು ಕೇಂದ್ರ

ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಪಂಚಾಯಿತಿ ಗ್ರಂಥಾಲಯ ಹೇಗೆ ನಡೆಯುತ್ತಿದೆ, ಶಾಲೆಯದ್ದು ಯಾಕೆ ನಡೆಯುತ್ತಿಲ್ಲ? 2019ರಲ್ಲಿ ಈ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಅವುಗಳಿಗೆ ಕರದ ಹಣ ಇದೆ, ಬಾಗಿಲು ತೆಗೆಯುವುದೇ ಕೆಲಸವಾಗಿರುವ ಒಬ್ಬ ಮೇಲ್ವಿಚಾರಕರೂ ಇದ್ದಾರೆ. ಅವರ ವೇತನ, ಸೇವಾ ಭದ್ರತೆಯ ತಕರಾರುಗಳು ಬೇರೆ. ಆದರೂ ಒಬ್ಬ ಮನುಷ್ಯ ಇದ್ದಾರೆ ಅನ್ನುವುದೇ ವ್ಯತ್ಯಾಸ.

ವಯಸ್ಸು ಗಮನಿಸಿ: 18ರವರೆಗೆ. ಕಾಯ್ದೆ ಕೈಬಿಟ್ಟ ಒಂಬತ್ತು, ಹತ್ತನೆಯ ಮಕ್ಕಳು ಇಲ್ಲಿ ಸೇರುತ್ತಾರೆ. ಕೊಡಗಿನಲ್ಲಿ ಪಂಚಾಯಿತಿಗಳು ನೂರರ ಆಸುಪಾಸು. ಹಾಗಿದ್ದ ಮೇಲೆ ಮೇಲ್ವಿಚಾರಕರು ವಾರಕ್ಕೊಮ್ಮೆ ಒಂದು ಚೀಲ ಪುಸ್ತಕದೊಂದಿಗೆ ಹತ್ತಿರದ ಹೈಸ್ಕೂಲಿಗೆ ಬರಬಹುದು. ಪುಸ್ತಕದ ಲೆಕ್ಕ ಅರಿವು ಕೇಂದ್ರದಲ್ಲೇ ಉಳಿಯುವುದರಿಂದ ಶಿಕ್ಷಕರ ಚಾರ್ಜ್ ಭಯವೂ ಇರುವುದಿಲ್ಲ. ಅಡ್ಡಿ ಇರುವುದು ಇಲಾಖೆಗಳ ನಡುವೆ. ಒಂದು ಕಡೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಇನ್ನೊಂದು ಕಡೆ ಕ್ಷೇತ್ರ ಶಿಕ್ಷಣಾಧಿಕಾರಿ. ಇಬ್ಬರಿಗೂ ಮೇಲಿನಿಂದ ಬರುವ ಸುತ್ತೋಲೆಗಳು ಬೇರೆ ಬೇರೆ. ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಪರಿಶೀಲನಾ ಸಭೆಗೆ ಎರಡೂ ಇಲಾಖೆಯವರು ಬರುತ್ತಾರೆ. ವಿಷಯ ಅಲ್ಲಿ ಎತ್ತಬೇಕು.

ಅಪಾಯವೂ ಇದೆ. ಅರಿವು ಕೇಂದ್ರದಿಂದ ಕೆಲಸ ಆಗುತ್ತಿದೆ ಎಂದಾದರೆ ಶಾಲಾ ಗ್ರಂಥಪಾಲಕರ ಹುದ್ದೆಯ ಬೇಡಿಕೆಯನ್ನು ಸರ್ಕಾರ ಮೂಲೆಗೆ ತಳ್ಳಬಹುದು. ಕಡಿಮೆ ಸಂಬಳದ ಮೇಲ್ವಿಚಾರಕರ ತಲೆಗೆ ಇನ್ನೊಂದು ಹೊರೆ ಬೀಳಬಹುದು. ಆದ್ದರಿಂದ ವಾರದ ಆ ಭೇಟಿಗೆ ಪ್ರಯಾಣ ಭತ್ಯೆ ಇರಲೇಬೇಕು, ಅದನ್ನು ಅವರ ಕೆಲಸದ ಗಂಟೆಯೊಳಗೇ ಸೇರಿಸಬೇಕು.

ಈಗಿನಂತೆಯೇ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಊಹಿಸಬೇಕಿಲ್ಲ. ಅನುದಾನ ಬಂದ ವರ್ಷ ಬೀರು ತುಂಬುತ್ತದೆ, ಯುಡೈಸ್‌ನಲ್ಲಿ ಪುಸ್ತಕದ ಸಂಖ್ಯೆ ಏರುತ್ತದೆ, ಮೂರ್ನಾಲ್ಕು ಮಳೆಗಾಲದಲ್ಲಿ ಅದರಲ್ಲಿ ಎಷ್ಟೋ ಹಾಳಾಗುತ್ತದೆ, ಸಂಖ್ಯೆ ಮಾತ್ರ ಇಳಿಯುವುದಿಲ್ಲ. ಪೋಷಕರಿಗೆ ಇದನ್ನು ಬದಲಾಯಿಸುವ ಮನಸ್ಸಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಎಷ್ಟು ಪುಸ್ತಕ ಇವೆ ಎಂದು ಕೇಳುವುದನ್ನು ಬಿಟ್ಟು, ಇಶ್ಯೂ ರಿಜಿಸ್ಟರ್ ತರಿಸಿ, ಕೊನೆಯ ನಮೂದಿನ ತಾರೀಕು ಯಾವುದು ಎಂದು ನೋಡಬಹುದು.